ತ್ವೇರ್‌ನಿಂದ ಬೀದರಿಗೆ

ಬೀದರ್ ಕೋಟೆಯ ವಸ್ತುಸಂಗ್ರಹಾಲಯ ಇರುವುದು ಅರಮನೆಯ ಹಳೆಯ ಹಮಾಮಿನಲ್ಲಿ. ರಾಜಮನೆತನದವರು ಮೀಯುತ್ತಿದ್ದ ಕೋಣೆಗಳಲ್ಲಿ ಈಗ ಶಿಲ್ಪಗಳು, ಆಯುಧಗಳು. ಹೆಚ್ಚಿನವರು ಬೇಗ ಸುತ್ತು ಹಾಕಿ ಹೊರಬರುತ್ತಾರೆ. ಅಂದು ಒಬ್ಬ ಹೆಂಗಸು ಮಾತ್ರ ಆಯುಧಗಳ ಮುಂದಿನಿಂದ ಕದಲಿರಲಿಲ್ಲ. ನಾನು ಮಾತಾಡಿಸುವ ಮೊದಲೇ ಅವರು ಇಂಗ್ಲಿಷಿನಲ್ಲಿ ಕೇಳಿದರು: "ಇಲ್ಲಿ ಕುದುರೆ ವ್ಯಾಪಾರ ಎಲ್ಲಿ ನಡೆಯುತ್ತಿತ್ತು?"

ಅವರು ರಷ್ಯಾದ ತ್ವೇರ್ ಪಟ್ಟಣದ ನಿವೃತ್ತ ಶಿಕ್ಷಕಿ. ಆ ಊರಿನ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ. ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ್ದು ಅವನ ಎಷ್ಟೋ ವರ್ಷಗಳ ನಂತರ, 1498ರಲ್ಲಿ. ತ್ವೇರ್‌ನಲ್ಲಿ ವೋಲ್ಗಾ ದಂಡೆಯ ಮೇಲೆ ನಿಕಿತಿನನ ಪ್ರತಿಮೆ ಇದೆ. ಅದನ್ನು ನೋಡುತ್ತಲೇ ಬೆಳೆದವರಿಗೆ ಬೀದರ್ ಬಾಲ್ಯದಿಂದ ಕೇಳಿದ ಹೆಸರು. ನಮ್ಮಲ್ಲಿ ಎಷ್ಟು ಮಕ್ಕಳಿಗೆ ತ್ವೇರ್ ಗೊತ್ತು?

ಸೋಲಾ ಖಂಬ ಮಸೀದಿಯ ನೆರಳಿನಲ್ಲಿ ಕುಳಿತು ಅವರು ನಿಕಿತಿನನ ಕಥೆ ಹೇಳಿದರು. ದಾರಿಯಲ್ಲಿ ಆಸ್ತ್ರಾಖಾನ್ ಹತ್ತಿರ ತಾತಾರರು ದೋಚಿದಾಗ ಅವನ ಧರ್ಮಗ್ರಂಥಗಳೂ ಹೋದವು. ಯಾವ ದಿನ ಈಸ್ಟರ್ ಹಬ್ಬ ಎಂದು ತಿಳಿಯದೆ ಪರದೇಶದಲ್ಲಿ ಅಂದಾಜಿನಿಂದ ಉಪವಾಸ ಹಿಡಿದ. ಮಾರಲೆಂದು ಕಡಲು ದಾಟಿಸಿ ತಂದಿದ್ದ ಒಂದೇ ಕುದುರೆಯನ್ನು ಜುನ್ನರಿನಲ್ಲಿ ಅಲ್ಲಿನ ಖಾನ ಕಿತ್ತುಕೊಂಡ. ಅದು ಮರಳಿ ಸಿಕ್ಕ ಮೇಲೆ ಬೀದರಿಗೆ ತಂದು ಮಾರಿದ. ಸುಲ್ತಾನನ ಹಬ್ಬದ ಮೆರವಣಿಗೆ, ದಂತಕ್ಕೆ ಕತ್ತಿ ಕಟ್ಟಿದ ಆನೆಗಳು, ಸಿರಿವಂತರ ವೈಭವ, ಹಳ್ಳಿಗರ ಬಡತನ ಎಲ್ಲವನ್ನೂ ಬರೆದಿಟ್ಟ. ಅವನು ವರ್ಣಿಸಿದ ಕುದುರೆ ಜಾತ್ರೆಯನ್ನು ವಿದ್ವಾಂಸರು ಕಲಬುರಗಿ ಜಿಲ್ಲೆಯ ಆಳಂದದ್ದೆಂದು ಗುರುತಿಸುತ್ತಾರೆ.

ನನ್ನ ಮನಸ್ಸು ನಿಂತದ್ದು ಇನ್ನೊಂದು ಸಂಗತಿಯ ಮೇಲೆ. ನಿಕಿತಿನ್ ಇಲ್ಲಿ ಓಡಾಡಿದ್ದು ಖೋಜಾ ಯೂಸುಫ್ ಖೊರಾಸಾನಿ ಎಂಬ ಹೆಸರಿನಲ್ಲಿ. ಬೀದರಿನ ಹಿಂದೂಗಳ ಬಳಗ ಬೆಳೆದ ಮೇಲೆ ತಾನು ಕ್ರೈಸ್ತನೆಂದು ಅವರಿಗೆ ತಿಳಿಸಿದ. ಆಮೇಲೆ ಅವರೂ ತಮ್ಮ ಊಟ, ಪೂಜೆ, ಮನೆವಾರ್ತೆ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲ. ಅವರ ಜತೆಯಲ್ಲೇ ಅವನು ಪರ್ವತಕ್ಕೆ, ಅಂದರೆ ನಮ್ಮ ಶ್ರೀಶೈಲದ ಜಾತ್ರೆಗೆ, ಹೋಗಿಬಂದ. ಭಾಷೆ, ದೇವರು ಎರಡೂ ಬೇರೆಯಾದ ಒಬ್ಬನನ್ನು ಮಲ್ಲಯ್ಯನ ಜಾತ್ರೆಗೆ ಕರೆದೊಯ್ದ ಆ ಬೀದರಿನವರ ಮೇಲೆ ನನಗೆ ಬಹಳ ಅಭಿಮಾನ. ಊರಿಗೆ ಮರಳುವಾಗ, ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ನಿಕಿತಿನ್ ತೀರಿಕೊಂಡ. ಬರೆದದ್ದು ಉಳಿಯಿತು.

ಕೋಟೆಯ ಚರಿತ್ರೆ ಚಿಕ್ಕದಾಗಿ ಇಷ್ಟು: ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ, ಆಮೇಲೆ ಬರೀದ್ ಷಾಹಿಗಳು, ಮೊಘಲರು, ನಿಜಾಮರು. ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ಇಂದಿಗೂ ಗಟ್ಟಿಯಾಗಿದೆ.

ಕೋಟೆಯಿಂದ ತ್ವೇರ್‌ನ ಆ ಗೆಳತಿಯನ್ನು ಊರೊಳಗಿನ ಬಿದರಿ ಕುಶಲಕರ್ಮಿಯೊಬ್ಬರ ಬಳಿ ಕರೆದೊಯ್ದೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿಗೆ ಬೆಳ್ಳಿ ತಂತಿ ಕೂರಿಸಿಯಾಗಿತ್ತು. ಇನ್ನು ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿನೀರಿನಲ್ಲಿ ಅದ್ದಬೇಕು. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿಸಿಲು, ಮಳೆ ತಾಗದ ಜಾಗದ ಮಣ್ಣೇ ಆಗಬೇಕು. "ನಾಲಿಗಿಗಿ ಹಚ್ಚಿ ನೋಡಿದ್ರ ತಿಳೀತದ್ರೀ" ಎಂದರು ಆ ಹಿರಿಯರು. ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ ಎನ್ನುವಾಗ ಅವರ ದನಿ ತಗ್ಗಿತು. ಬಿದರಿಗೆ 2006ರಲ್ಲೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ದಿನವಿಡೀ ಉಳಿ ಹಿಡಿಯುವ ಕೈಗೆ ತಕ್ಕ ಕೂಲಿಯೂ ಸಿಗಬೇಕು.

ಬೀದರಿಗೆ ಹೋಗುವವರು ಕೋಟೆಗೆ ಒಂದು ಇಡೀ ದಿನ ಕೊಡಿ. ರಂಗೀನ್ ಮಹಲಿಗೆ ಬೀಗ ಹಾಕಿದ್ದರೆ ಸಿಬ್ಬಂದಿಯನ್ನು ಕೇಳಿ ತೆಗೆಸಿ. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ಅಲ್ಲಿದೆ. ಬಿದರಿ ಕೊಳ್ಳುವುದಾದರೆ ಮಾಡಿದವರ ಕೈಯಿಂದಲೇ ಕೊಳ್ಳಿ.