ಮೂಕಜೀವಿಗಳ ಪರ ವಕಾಲತ್ತು ಕಲಿಸಿದ ತರಗತಿಗಳು

ಅಮೆರಿಕದ ಮನೆಮನೆಗೂ ಪರಿಚಿತರಾಗಿದ್ದ ಟಿ.ವಿ. ನಿರೂಪಕ ಬಾಬ್ ಬಾರ್ಕರ್. ‘ದಿ ಪ್ರೈಸ್ ಈಸ್ ರೈಟ್’ ಎಂಬ ಸ್ಪರ್ಧಾ ಕಾರ್ಯಕ್ರಮವನ್ನು 35 ವರ್ಷ ನಡೆಸಿಕೊಟ್ಟವರು. ಗೆದ್ದವರಿಗೆ ತುಪ್ಪಳದ ಕೋಟು ಕೊಡುತ್ತಾರೆಂಬ ಕಾರಣಕ್ಕೆ ಮಿಸ್ ಯುಎಸ್‌ಎ ಸ್ಪರ್ಧೆಯ ನಿರೂಪಣೆಯನ್ನೇ ಬಿಟ್ಟುಬಂದವರು. 2001ರಲ್ಲಿ ಅವರು ಹಾರ್ವರ್ಡ್ ಕಾನೂನು ಶಾಲೆಗೆ 5 ಲಕ್ಷ ಡಾಲರ್ ದತ್ತಿ ಕೊಟ್ಟರು. ಪ್ರಾಣಿ ಹಕ್ಕುಗಳ ಕಾನೂನನ್ನು ಕಲಿಸಬೇಕು, ಅದರ ಬಗ್ಗೆ ಸಂಶೋಧನೆ ನಡೆಯಬೇಕು ಎಂಬುದು ಆ ಹಣದ ಉದ್ದೇಶ. ಮುಂದೆ ಕೊಲಂಬಿಯಾ, ಸ್ಟ್ಯಾನ್‌ಫರ್ಡ್, ಡ್ಯೂಕ್‌ನಂಥ ವಿಶ್ವವಿದ್ಯಾಲಯಗಳಿಗೂ ಅವರ ದತ್ತಿ ಹೋಯಿತು.

ಬೀದಿನಾಯಿಗೆ ಅನ್ನ ಹಾಕಲು, ಗೋಶಾಲೆಗೆ ಮೇವು ಕೊಡಿಸಲು ದಾನಿಗಳು ಎಲ್ಲ ಕಡೆಯೂ ಸಿಗುತ್ತಾರೆ. ಪಾಠಕ್ಕೆ ಹಣ ಕೊಡುವವರು ಅಪರೂಪ. ಆದರೆ ಪ್ರಾಣಿ ಕಾನೂನು ಎಂಬ ವಿಷಯಕ್ಕೆ ನೆಲೆ ಸಿಕ್ಕಿದ್ದೇ ಅಂಥವರಿಂದ.

ಬಾರ್ಕರ್ ದತ್ತಿಗೂ ಮೊದಲಿನ ಹಾದಿ ಸಣ್ಣದು. 1977ರಲ್ಲಿ ನ್ಯೂಜೆರ್ಸಿಯ ಸೀಟನ್ ಹಾಲ್ ಕಾನೂನು ಶಾಲೆಯಲ್ಲಿ ಥಿಯೋಡರ್ ಮೆತ್ ಎಂಬುವರು ಪ್ರಾಣಿ ಕಾನೂನಿನ ಪಾಠ ಶುರು ಮಾಡಿದರು. 1990ರ ಸುಮಾರಿಗೆ ಅದೇ ರಾಜ್ಯದ ರಟ್ಗರ್ಸ್‌ನಲ್ಲಿ ಗ್ಯಾರಿ ಫ್ರಾನ್ಸಿಯೋನ್ ಮತ್ತು ಆನಾ ಚಾರ್ಲ್‌ಟನ್ ವಿದ್ಯಾರ್ಥಿಗಳಿಗೆ ನಿಜವಾದ ಪ್ರಕರಣಗಳನ್ನೇ ಕೊಟ್ಟು ಕಲಿಸಿದರು. 1995ರಲ್ಲಿ ಒರೆಗಾನ್‌ನ ಲೂಯಿಸ್ ಅಂಡ್ ಕ್ಲಾರ್ಕ್ ಶಾಲೆಯ ವಿದ್ಯಾರ್ಥಿಗಳು ‘ಅನಿಮಲ್ ಲಾ’ ಎಂಬ ನಿಯತಕಾಲಿಕ ಹೊರತಂದರು. ಬಹಳ ಮುಂದೆ, ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆಂದು ರಾಫೆಲ್ ಫಾಸೆಲ್ ಮತ್ತು ಶಾನ್ ಬಟ್ಲರ್ 2019ರಲ್ಲಿ ಕೇಂಬ್ರಿಜ್ ಸೆಂಟರ್ ಫಾರ್ ಅನಿಮಲ್ ರೈಟ್ಸ್ ಲಾ ಕಟ್ಟಿದರು. 2023ರಲ್ಲಿ ಒಂದು ಪಠ್ಯಪುಸ್ತಕವನ್ನೂ ಬರೆದರು.

ಪಾಠದಿಂದ ಪ್ರಾಣಿಗೇನು ಸಿಕ್ಕಿತು? ಹ್ಯಾಪಿ ಎಂಬ ಆನೆಯ ಮೊಕದ್ದಮೆಯನ್ನು ನೋಡಬೇಕು. ಏಷ್ಯಾದ ಕಾಡಿನಿಂದ ಮರಿಯಾಗಿದ್ದಾಗಲೇ ಹಿಡಿದು ತಂದ ಈ ಹೆಣ್ಣಾನೆಯನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ ಬಿಡಿಸಬೇಕೆಂದು ವಕೀಲ ಸ್ಟೀವನ್ ವೈಸ್ ಕಟ್ಟಿದ ಸಂಸ್ಥೆ, ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿತು. 2000ದಲ್ಲಿ ಹಾರ್ವರ್ಡ್‌ನಲ್ಲಿ ಪ್ರಾಣಿ ಹಕ್ಕುಗಳ ಕಾನೂನು ಕಲಿಸಿದ್ದವರು ಇದೇ ವೈಸ್. ತತ್ವಶಾಸ್ತ್ರಜ್ಞೆ ಮಾರ್ಥಾ ನಸ್ಬಾಮ್, ಸಂವಿಧಾನ ತಜ್ಞ ಲಾರೆನ್ಸ್ ಟ್ರೈಬ್ ಆನೆಯ ಪರ ನ್ಯಾಯಾಲಯಕ್ಕೆ ಬರೆದುಕೊಟ್ಟರು. 2022ರ ಜೂನ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ 5–2 ಬಹುಮತದಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಹ್ಯಾಪಿ ಸೋತಿತು, ನಿಜ. ಆದರೆ ಆನೆಯ ಬಿಡುಗಡೆಯ ಪರ ಇಬ್ಬರು ನ್ಯಾಯಮೂರ್ತಿಗಳು ದೀರ್ಘ ಭಿನ್ನ ತೀರ್ಪು ಬರೆದದ್ದು ಸಣ್ಣ ಸಂಗತಿಯಲ್ಲ. ದಶಕಗಳ ವಿದ್ವತ್ತು ಬೆನ್ನಿಗಿಲ್ಲದಿದ್ದರೆ ಆ ವಾದ ಅಷ್ಟು ದೂರ ಬರುತ್ತಲೇ ಇರಲಿಲ್ಲ.

ಭಾರತದಲ್ಲಿ ಕಾನೂನು ಮೊದಲು ಬಂತು, ಪಾಠ ಬಹಳ ತಡವಾಗಿ. ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯೇ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಬೀಜವಾಯಿತು. ಪ್ರಾಣಿಯನ್ನು ಬಡಿದು ಹಿಂಸಿಸಿದವರಿಗೆ ಮೊದಲ ಬಾರಿ 10ರಿಂದ 50 ರೂಪಾಯಿ ದಂಡ ಎಂದು ಅದರಲ್ಲಿ ಬರೆದರು. ಬೆಲೆಗಳೆಲ್ಲ ಹತ್ತಾರು ಪಟ್ಟು ಏರಿದರೂ ದಂಡದ ಮೊತ್ತ ದಶಕಗಟ್ಟಲೆ ಅಲ್ಲೇ ನಿಂತಿತು. ಇದು ನಾಚಿಕೆಗೇಡು.

2014ರಲ್ಲಿ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ‘ಜೀವ’ದಲ್ಲಿ ಪ್ರಾಣಿಗಳ ಜೀವವೂ ಸೇರುತ್ತದೆ ಎಂದಿತು. ಅದರ ಬಿಸಿ ನಮ್ಮ ಕರಾವಳಿಯ ಕಂಬಳಕ್ಕೂ ತಟ್ಟಿತು. ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳು ಇಂಥ ಕ್ರೀಡೆಗಳಿಗೆ ಅವಕಾಶ ಕೊಡಲು 1960ರ ಕಾಯ್ದೆಗೆ ತಿದ್ದುಪಡಿ ತಂದವು. 2023ರ ಮೇ 18ರಂದು ಸಂವಿಧಾನ ಪೀಠ ಅವನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳಿವೆ ಎನ್ನಲು ಪೂರ್ವನಿದರ್ಶನವಿಲ್ಲ ಎಂದೂ ಹೇಳಿತು. ಪೂರ್ವನಿದರ್ಶನ ತಾನಾಗಿ ಹುಟ್ಟುವುದಿಲ್ಲ. ಓದಿದ ವಕೀಲರು, ಬರೆದ ವಿದ್ವಾಂಸರು ಅದಕ್ಕೆ ದಾರಿ ಮಾಡಬೇಕು. ಆ ದಿಕ್ಕಿನಲ್ಲಿ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ ಪ್ರಾಣಿ ಕಾನೂನಿಗೆಂದೇ ಒಂದು ಕೇಂದ್ರ ತೆರೆದಿದೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಸವಣ್ಣ, ಕನಕದಾಸರ ಹೆಸರಿನ ಅಧ್ಯಯನ ಪೀಠಗಳಿವೆ. ಕೋಣ ಓಡಿಸುವವರ ಮಾತು, ಕೋಣದ ನೋವು ಎರಡನ್ನೂ ಕೂರಿಸಿಕೊಂಡು ಓದುವ ಪೀಠವೊಂದು ಕರಾವಳಿಯಲ್ಲೇ ಆಗಬೇಕು. ಪ್ರಾಣಿಗಳಿಗಾಗಿ ಕೈಲಾದಷ್ಟು ತೆಗೆದಿಡುವ ಓದುಗರು ಒಮ್ಮೆ ಹತ್ತಿರದ ಕಾನೂನು ಕಾಲೇಜಿನ ಪ್ರಾಂಶುಪಾಲರನ್ನು ಕಂಡು ಮಾತಾಡಲಿ. ಒಂದು ಚಿನ್ನದ ಪದಕ, ಒಂದು ವಿದ್ಯಾರ್ಥಿವೇತನ, ವರ್ಷಕ್ಕೊಂದು ದತ್ತಿ ಉಪನ್ಯಾಸ: ಇಷ್ಟರಿಂದಲೂ ಶುರುಮಾಡಬಹುದು.