ಹೊಳೆ ದಂಡೆಯ ಬುತ್ತಿ: ಮಾಧವರಂ ಸೇತುವೆಯ ಎರಡೂ ಕಡೆಯ ಸಂಕ್ರಾಂತಿ

ಮಾಧವರಂ: ಸಂಕ್ರಾಂತಿ ಬಂತೆಂದರೆ ಸಾಕು, ತುಂಗಭದ್ರೆಯ ಎರಡೂ ದಂಡೆಯ ಊರುಗಳಲ್ಲಿ ಒಂದೇ ಮಾತು. ಹೊಳೆಗೆ ಯಾವಾಗ ಹೋಗೋದು? ರಾಯಚೂರು ಕಡೆಯವರಿಗೆ ಅದು ಹೊಳೆ ಜಳಕದ ದಿನ. ಎಳ್ಳು ಹಚ್ಚಿ ಮೈ ತೊಳೆದು, ದಂಡೆಯ ಮೇಲೆ ಬುತ್ತಿ ಬಿಚ್ಚಿ, ಸಂಜೆವರೆಗೆ ಹರಟೆ ಹೊಡೆದು ಮನೆಗೆ ಹೋಗುವುದು. ಈ ಕಡೆ ಆಂಧ್ರದಲ್ಲಿ ಹಬ್ಬವೇ ಮೂರು ದಿನ: ಭೋಗಿ, ಸಂಕ್ರಾಂತಿ, ಕನುಮ. ಮೊದಲ ದಿನ ಬೆಳಗಿನ ಜಾವ ಮನೆ ಮುಂದೆ ಬೆಂಕಿ, ಕೊನೆಯ ದಿನ ದನಕರುಗಳ ಪೂಜೆ. ನಡುವಿನ ದಿನ ಎರಡೂ ಕಡೆಯವರು ಒಂದೇ ನೀರಿಗೆ ಇಳಿಯುತ್ತಾರೆ.

ಅವರಲ್ಲಿ ಬಹಳಷ್ಟು ಮಂದಿ ಒಬ್ಬರಿಗೊಬ್ಬರು ಬೀಗರು. ಗಿಲ್ಲೇಸುಗೂರು ಕಡೆ ಹುಟ್ಟಿದವರು ಇಲ್ಲಿಗೆ ಸೊಸೆಯಾಗಿ ಬಂದಿರುತ್ತಾರೆ, ಇಲ್ಲಿಯವರು ಅಲ್ಲಿಗೆ ಹೋಗಿರುತ್ತಾರೆ. ವರ್ಷಕ್ಕೊಮ್ಮೆ ಅಕ್ಕತಂಗಿಯರು ಖರ್ಚಿಲ್ಲದೆ ಕೂಡುವ ಜಾಗ ಈ ದಂಡೆ. ಕಲ್ಯಾಣ ಮಂಟಪ ಬೇಡ, ಹೋಟೆಲ್ ಬೇಡ. ಎರಡು ಜಮಖಾನೆ, ಒಂದು ಕೊಡ ಕುಡಿಯುವ ನೀರು ಇದ್ದರೆ ಆಯಿತು.

ಈ ಗಡಿ ಎಷ್ಟು ಹಳೆಯದು?

1953ರಲ್ಲಿ ರಾಜ್ಯ ಒಡೆದಾಗ ನಮ್ಮೂರು ಆಚೆ ಹೋಯಿತು ಎಂದು ಹಿರಿಯರು ಹೇಳುವುದುಂಟು. ಅದು ಅರ್ಧ ನಿಜ. ಆದವಾನಿ ತಾಲ್ಲೂಕು ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಅಂದರೆ ನಮಗೂ ಬಳ್ಳಾರಿಗೂ ನಡುವೆ ಗೆರೆ ಬಿದ್ದದ್ದು ಆ ದಿನ.

ಆದರೆ ಹೊಳೆಯ ಮೇಲಿನ ಗೆರೆ ಅದಕ್ಕಿಂತ ಬಹಳ ಹಳೆಯದು. 1800ರಲ್ಲಿ ಹೈದರಾಬಾದಿನ ನಿಜಾಮ ಈ ದಂಡೆಯ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅದಕ್ಕೇ ನಮ್ಮ ಕಡೆಗೆ ದತ್ತ ಮಂಡಲ ಎಂಬ ಹೆಸರು ಬಂತು. ಆಚೆ ದಂಡೆಯ ರಾಯಚೂರು, ನಡುವೆ ಕೆಲವು ವರ್ಷ ಬಿಟ್ಟರೆ, ನಿಜಾಮನದಾಗಿಯೇ ಉಳಿಯಿತು. ಈಚೆ ಇಂಗ್ಲಿಷರ ರೂಪಾಯಿ, ಆಚೆ ನಿಜಾಮನ ಹಾಲಿ ಸಿಕ್ಕ. ಆಗಲೂ ಹೆಣ್ಣು ಕೊಟ್ಟು ತಂದರು, ಆಗಲೂ ಹರಿಗೋಲಿನಲ್ಲಿ ದಾಟಿದರು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಹೊಳೆಯ ಆಚೆ ಈಚೆ ಎಂಬುದು ಹೊಸದಾಗಿ ಹುಟ್ಟಲಿಲ್ಲ. ಆಚೆ ಇದ್ದ ಸರ್ಕಾರ ಬದಲಾಯಿತು, ಅಷ್ಟೇ. ಹಾಗಾಗಿ ಗಡಿ ದಾಟುವುದು ನಮ್ಮವರಿಗೆ ಇನ್ನೂರು ವರ್ಷಗಳ ರೂಢಿ. ಈಗ ರಾಯಚೂರು-ಮಂತ್ರಾಲಯ ರಸ್ತೆಯ ಸೇತುವೆ ಇದೆ, ಅದರ ಈ ತುದಿಯಲ್ಲಿ ಮಾಧವರಂ ಇದೆ. ವಾಹನ ತಪಾಸಣೆ ಇರುತ್ತದೆ, ಹಬ್ಬದ ದಿನ ಸ್ವಲ್ಪ ಹೆಚ್ಚೇ ಇರುತ್ತದೆ. ಬುತ್ತಿ ಗಂಟನ್ನು ಯಾರೂ ಬಿಚ್ಚಿಸುವುದಿಲ್ಲ ಬಿಡಿ, ಬಾಟಲಿ ಇದ್ದರೆ ಮಾತ್ರ ಕಷ್ಟ.

ಬುತ್ತಿಯಲ್ಲಿ ಏನೇನು?

ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇರಲೇಬೇಕು. ಜೋಳದ ಕಟಕ್ ರೊಟ್ಟಿ ಮೂರು ದಿನ ಕೆಡುವುದಿಲ್ಲ, ಅದೂ ಇರುತ್ತದೆ. ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರನ್ನ, ಶೇಂಗಾ ಹೋಳಿಗೆ. ದಂಡೆಯ ಮೇಲೆ ಎರಡು ಮನೆಯ ಗಂಟು ಬಿಚ್ಚಿದಾಗ ಹೆಸರು ಬೇರೆ, ಪದಾರ್ಥ ಒಂದೇ. ನಮ್ಮ ಪುಂಡಿಪಲ್ಯ ಅವರಿಗೆ ಗೋಂಗೂರ. ಶೇಂಗಾ ಕರ್ನೂಲು ಕಡೆಯ ಮಾತಿನಲ್ಲಿ ಬುಡ್ಡಲು. ಬೆಳಿಗ್ಗೆ ಹೊರಡುವ ಮುನ್ನ ತಿಂದ ಮಂಡಕ್ಕಿ ಒಗ್ಗರಣೆ ಮಿರ್ಚಿ ಇಲ್ಲಿ ಉಗ್ಗಾಣಿ ಬಜ್ಜಿ. ಯಾವುದು ಮೊದಲು ಹುಟ್ಟಿತು ಎಂಬ ಜಗಳಕ್ಕೆ ಇಳಿಯದಿರುವುದೇ ಒಳ್ಳೆಯದು, ಅದು ಮುಗಿಯುವುದಿಲ್ಲ.

ತೊಂದರೆ ಬರುವುದು ರಜೆಯಲ್ಲಿ. ಆಂಧ್ರದ ಶಾಲೆಗಳಿಗೆ ಸಂಕ್ರಾಂತಿಗೆ ಒಂದು ವಾರಕ್ಕೂ ಮೇಲೆ ರಜೆ. ಕರ್ನಾಟಕದಲ್ಲಿ ಒಂದೇ ದಿನ. ನಮ್ಮ ಗಡಿ ಮಂಡಲಗಳ ಕನ್ನಡ ಮಾಧ್ಯಮ ಶಾಲೆಗಳಿಗೂ ಆಂಧ್ರದ ಪಟ್ಟಿಯೇ. ಹೀಗಾಗಿ ಈ ದಂಡೆಯ ಮಕ್ಕಳು ಅತ್ತೆ ಮನೆಗೆ ಹೋಗಿ ನಾಲ್ಕು ದಿನ ಇರಬಹುದು, ಆದರೆ ಅಲ್ಲಿ ಅವರ ಜೊತೆ ಆಡಬೇಕಾದ ಮಕ್ಕಳು ಶಾಲೆಗೆ ಹೋಗಿರುತ್ತಾರೆ. ಎರಡೂ ಕಡೆಯ ಮಕ್ಕಳನ್ನು ನಿಜಕ್ಕೂ ಕೂಡಿಸಬೇಕೆಂದರೆ ಬೇಸಿಗೆಯೇ ಸರಿ. ಕರ್ನಾಟಕದ ರಜೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಆಂಧ್ರದ್ದು ಏಪ್ರಿಲ್ ಕೊನೆಯ ವಾರದಿಂದ ಜೂನ್ ಎರಡನೇ ವಾರದವರೆಗೆ. ಅಂದರೆ ಮೇ ತಿಂಗಳು ಇಬ್ಬರದೂ.

ಬಸ್ಸಿನ ಲೆಕ್ಕವೂ ಹೀಗೇ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು, ಆಂಧ್ರದ ಸ್ತ್ರೀ ಶಕ್ತಿ 2025ರ ಆಗಸ್ಟ್ 15ರಂದು ಶುರುವಾದವು. ಎರಡೂ ಹೆಂಗಸರಿಗೆ ಉಚಿತ ಪ್ರಯಾಣವೇ, ಆದರೆ ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ. ಆಚೆ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದು ಆಧಾರ್ ವಿಳಾಸ ಬದಲಿಸಿಕೊಂಡವಳು ತವರಿನ ಬಸ್ಸಿನಲ್ಲಿ ಟಿಕೆಟ್ ಕೊಳ್ಳಬೇಕು. ತಂಗಿಗೆ ಉಚಿತ, ಅಕ್ಕನಿಗೆ ದುಡ್ಡು. ಇದು ಯಾವ ಮಂತ್ರಿಯ ತಲೆಗೂ ಹೊಳೆದಂತೆ ಕಾಣುವುದಿಲ್ಲ.

ನೀರಿಗೆ ಇಳಿಯುವ ಮುನ್ನ

ಇದು ಮುಖ್ಯವಾದ ಮಾತು, ಸ್ವಲ್ಪ ನಿಧಾನವಾಗಿ ಓದಿ. ಜನವರಿಯ ತುಂಗಭದ್ರೆ ನೋಡಲು ಬಡವಾಗಿರುತ್ತದೆ. ಅಲ್ಲಲ್ಲಿ ಬಂಡೆ, ಅಲ್ಲಲ್ಲಿ ಮರಳು, ನಡುವೆ ತಿಳಿನೀರು. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಮಂತ್ರಾಲಯವನ್ನೇ ಮುಳುಗಿಸಿದ ಹೊಳೆ ಇದೇನಾ ಎನಿಸುತ್ತದೆ. ಪ್ರವಾಹ ಬಂದಾಗ ಯಾರೂ ಮಕ್ಕಳನ್ನು ನೀರಿಗೆ ಬಿಡುವುದಿಲ್ಲ. ಹೀಗೆ ಸುಮ್ಮನಿರುವ ಹೊಳೆಗೆ ಬಿಡುತ್ತಾರೆ. ಅಪಾಯ ಇರುವುದು ಅಲ್ಲೇ.

ಮೊದಲನೆಯದು ಮರಳಿನ ಗುಂಡಿ. ಮರಳು ತೆಗೆದ ಕಡೆ ಮೊಣಕಾಲು ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ತಲೆ ಮುಳುಗುವ ಆಳ ಇರುತ್ತದೆ. ಗುಂಡಿಯ ಅಂಚು ಸಡಿಲ ಮರಳು, ಕಾಲಿಟ್ಟರೆ ಜಾರುತ್ತದೆ. ಹಿಂದಿನ ವರ್ಷ ಇದೇ ಜಾಗದಲ್ಲಿ ಜಳಕ ಮಾಡಿದ್ದೆವು ಎಂಬ ಧೈರ್ಯ ಕೆಲಸಕ್ಕೆ ಬಾರದು, ಏಕೆಂದರೆ ಒಂದು ಮಳೆಗಾಲದಲ್ಲಿ ಹೊಳೆಯ ತಳ ಬದಲಾಗಿರುತ್ತದೆ.

ಎರಡನೆಯದು ತಿಳಿನೀರಿನ ಮೋಸ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ ತಳ ಮೇಲಕ್ಕೆ ಬಂದಂತೆ ಕಾಣುತ್ತದೆ. ನೇರವಾಗಿ ಮೇಲಿನಿಂದ ನೋಡಿದರೂ ನಾಲ್ಕು ಅಡಿ ನೀರು ಮೂರು ಅಡಿಯಂತೆ ತೋರುತ್ತದೆ, ದಂಡೆಯಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ದೊಡ್ಡವರಿಗೆ ಎದೆಮಟ್ಟದ ನೀರು ಹತ್ತು ವರ್ಷದ ಹುಡುಗನಿಗೆ ಮೂಗಿನ ಮೇಲೆ.

ಮೂರನೆಯದು ಮಳೆಯಿಲ್ಲದೆ ಏರುವ ನೀರು. ನಮ್ಮ ಹೊಳೆಗೆ ಹೊಸಪೇಟೆಯ ಜಲಾಶಯವೇ ಬೀಗದ ಕೈ. ಕೆಳಗಿನ ರಾಜೋಳಿಬಂಡಾ ತಿರುವು ಯೋಜನೆಗೂ ಸುಂಕೇಸುಲದಿಂದ ಹೊರಡುವ ಕೆ.ಸಿ. ಕಾಲುವೆಗೂ ಒಣಗಾಲದಲ್ಲಿ ಜಲಾಶಯದಿಂದ ಹೊಳೆಗೇ ನೀರು ಬಿಡುತ್ತಾರೆ. ಆಕಾಶದಲ್ಲಿ ಮೋಡವೇ ಇಲ್ಲದ ದಿನ ಬಂಡೆಯ ಮೇಲೆ ಕುಳಿತವರ ಸುತ್ತ ನೀರು ಬರಬಹುದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋದಾಗ ದಂಡೆಯ ಊರುಗಳೆಲ್ಲ ಎಚ್ಚರವಾಗಿ ಕುಳಿತಿದ್ದು ನೆನಪಿರಬಹುದು. ಆಮೇಲೆ 2025ರ ಮಳೆಗಾಲದಲ್ಲಿ, ಸುಮಾರು 105 ಟಿಎಂಸಿ ಅಡಿ ಹಿಡಿಯುವ ಜಲಾಶಯದಲ್ಲಿ 80ರಷ್ಟು ಮಾತ್ರ ನಿಲ್ಲಿಸಿದರು. ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಇಲ್ಲಿ ಬುತ್ತಿ ಕಟ್ಟುವವರೂ ತಿಳಿದಿರಬೇಕು. ಊಟಕ್ಕೆ ಕೂರುವ ಮುನ್ನ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಆಗಾಗ ನೋಡುವುದು ಸುಲಭದ ಉಪಾಯ. ನೀರು ಕಡ್ಡಿ ದಾಟಿದರೆ ಗಂಟು ಕಟ್ಟಿ ಮೇಲೆ ಬನ್ನಿ.

ಬೋರ್ಡು ಓದಿದರೂ ತಪ್ಪುವ ಅರ್ಥ

ಗಡಿಯವರಿಗೆ ಮಾತ್ರ ಇರುವ ಇನ್ನೊಂದು ತೊಡಕು ಭಾಷೆಯದು. ತೆಲುಗು, ಕನ್ನಡ ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ಹಾಗಾಗಿ ಆಚೆಯಿಂದ ಬಂದ ಕನ್ನಡದ ಹುಡುಗ ಈಚೆ ದಂಡೆಯ ತೆಲುಗು ಬೋರ್ಡನ್ನು ತಡವರಿಸಿಯಾದರೂ ಓದಿಬಿಡುತ್ತಾನೆ. ಓದುವುದು ಬೇರೆ, ಅರ್ಥವಾಗುವುದು ಬೇರೆ.

ಪ್ರಮಾದಂ ಎಂದು ಬರೆದಿದೆ ಎನ್ನಿ. ಕನ್ನಡದಲ್ಲಿ ಪ್ರಮಾದ ಎಂದರೆ ತಪ್ಪು, ಅಚಾತುರ್ಯ. ತೆಲುಗಿನಲ್ಲಿ ಅದು ಅಪಾಯ, ಅಪಘಾತ. ಲೋತು ಎಂದರೆ ಆಳ, ಈ ಪದ ಕನ್ನಡದ ಹುಡುಗನಿಗೆ ಏನೂ ಹೇಳುವುದಿಲ್ಲ. ಸುಡಿ ಎಂಬುದನ್ನು ಅವನು ಸುಡುವುದು ಎಂದುಕೊಂಡಾನು, ಅದು ನಮ್ಮ ಸುಳಿ. ಮಡುಗು ಎಂದರೆ ನಮ್ಮ ಮಡು, ಹೊಳೆ ಬತ್ತಿದರೂ ನೀರು ನಿಲ್ಲುವ ಆಳದ ಜಾಗ. ಈತ ಎಂದರೆ ಈ ಮನುಷ್ಯ ಅಲ್ಲ, ಈಜು. ಈತ ರಾದು ಎಂದು ಯಾರಾದರೂ ಕೂಗಿದರೆ ಇವನು ಬರುವುದಿಲ್ಲ ಎಂದಲ್ಲ, ಈಜು ಬರುವುದಿಲ್ಲ ಎಂದು. ಇದು ನಗುವ ವಿಷಯವಲ್ಲ. ಮುಳುಗುವವನಿಗೆ ಇರುವುದು ಎರಡು ಮೂರು ನಿಮಿಷ, ಅದರಲ್ಲಿ ಮಾತು ಅರ್ಥ ಮಾಡಿಕೊಳ್ಳಲು ಒಂದು ನಿಮಿಷ ಹೋದರೆ?

ಈಚೆಯಿಂದ ಆಚೆಗೂ ಹೀಗೆಯೇ. ಕನ್ನಡದ ಅಜ್ಜಿ ಮೊಮ್ಮಕ್ಕಳಿಗೆ ಹುಷಾರು ಎಂದು ಕೂಗುತ್ತಾಳೆ, ಜೋಪಾನ ಎಂಬ ಅರ್ಥದಲ್ಲಿ. ತೆಲುಗಿನಲ್ಲಿ ಹುಷಾರು ಎಂದರೆ ಉತ್ಸಾಹ, ಲವಲವಿಕೆ. ತೆಲುಗು ಶಾಲೆಯಲ್ಲಿ ಓದುವ ಮೊಮ್ಮಗ ಇನ್ನಷ್ಟು ಜೋರಾಗಿ ನೀರಿಗೆ ಹಾರಿದರೆ ಅಜ್ಜಿಯದೇ ಅಪ್ಪಣೆ ಎಂದಾನು. ಎರಡೂ ಬಲ್ಲ ನಮ್ಮಂಥವರು ದಂಡೆಗೆ ಇಳಿದ ಕೂಡಲೇ ಬೋರ್ಡನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದರೆ ಕೆಲಸ ಮುಗಿಯಿತು. ಎಚ್ಚರಿಕೆ ಎಂಬ ಪದ ಮಾತ್ರ ಕ್ಷೇಮ. ತೆಲುಗಿನವರು ಹೆಚ್ಚರಿಕ ಎನ್ನುತ್ತಾರೆ, ಅರ್ಥ ಒಂದೇ.

ಯಾರಾದರೂ ಮುಳುಗುತ್ತಿದ್ದರೆ ಈಜು ಬರುತ್ತದೆಂದು ಕೂಡಲೇ ಹಾರಬೇಡಿ. ಮುಳುಗುವವನು ಹಿಡಿದವನನ್ನೂ ಎಳೆಯುತ್ತಾನೆ, ಅಣ್ಣತಮ್ಮಂದಿರು ಒಟ್ಟಿಗೆ ಹೋಗುವುದು ಹೀಗೆಯೇ. ಸೀರೆ, ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನು ಸಿಕ್ಕರೆ ಅದನ್ನು ಎಸೆಯಿರಿ. ಹರಿಗೋಲಿನವರು ಹತ್ತಿರ ಇದ್ದರೆ ಕೂಗಿ. ಈ ಕಡೆ ಅದಕ್ಕೆ ಪುಟ್ಟಿ ಎನ್ನುತ್ತಾರೆ, ಹರಿಗೋಲು ಎಂದರೆ ತಿರುಗಿ ನೋಡದವರೂ ಪುಟ್ಟಿ ಎಂದರೆ ಓಡಿ ಬರುತ್ತಾರೆ. ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆಯ ನಡುವೆ ಒತ್ತಿ, ನೆರವು ಬರುವವರೆಗೆ ಬಿಡಬೇಡಿ. 108 ಎರಡೂ ರಾಜ್ಯದಲ್ಲಿದೆ. ಆದರೆ ಹೊಳೆಯ ಮೇಲೆ ಮೊಬೈಲ್ ಯಾವ ರಾಜ್ಯದ ಟವರ್ ಹಿಡಿದಿರುತ್ತದೋ ಹೇಳಲಾಗದು, ಕರೆ ಆಚೆ ರಾಜ್ಯಕ್ಕೆ ಹೋಗಬಹುದು. ಆದ್ದರಿಂದ ಮೊದಲ ಮಾತೇ ಇದಾಗಿರಲಿ: ಆಂಧ್ರ ಕಡೆ ದಂಡೆ, ಮಾಧವರಂ ಸೇತುವೆ ಹತ್ತಿರ. ಅಥವಾ ಕರ್ನಾಟಕ ಕಡೆ ದಂಡೆ, ರಾಯಚೂರು ತಾಲ್ಲೂಕು.

ನೀರು ಸರಿಯಿಲ್ಲವೆಂದು ಕಂಡರೆ

ಹಬ್ಬ ಕೆಟ್ಟಿತು ಎಂದುಕೊಳ್ಳಬೇಕಿಲ್ಲ. ಕೊಡದಲ್ಲಿ ನೀರು ಮೊಗೆದು ದಂಡೆಯ ಮೇಲೆಯೇ ಮಕ್ಕಳಿಗೆ ಹೊಯ್ದರೂ ಹೊಳೆ ಜಳಕವೇ. ಬುತ್ತಿ ಬಿಚ್ಚಲು ಬೇರೆ ಜಾಗಗಳೂ ಇವೆ. ಸೇತುವೆ ದಾಟಿದರೆ ಗಾಣಧಾಳದ ಪಂಚಮುಖಿ ಆಂಜನೇಯ, ಬಂಡೆಗಳ ನಡುವಿನ ಜಾಗ, ಮಕ್ಕಳಿಗೆ ಹತ್ತಿ ಇಳಿಯಲು ಚೆನ್ನ. ಅದೇ ದಂಡೆಯಲ್ಲಿ ಅಪ್ಪಣಾಚಾರ್ಯರ ಊರು ಬಿಚ್ಚಾಲಿ, ಜನ ಕಡಿಮೆ, ನೆರಳು ಹೆಚ್ಚು. ಈಚೆ ಮಂತ್ರಾಲಯದಲ್ಲಿ ಹಬ್ಬದ ದಿನ ನೂಕುನುಗ್ಗಲು, ಮುದುಕರನ್ನು ಕರೆದೊಯ್ಯುವವರು ಮರುದಿನ ಹೋಗುವುದು ಮೇಲು. ಎತ್ತು ನೋಡುವ ಹುಚ್ಚಿರುವವರು ಎಮ್ಮಿಗನೂರಿನ ನೀಲಕಂಠೇಶ್ವರ ಜಾತ್ರೆಗೆ ಹೇಗೂ ಹೋಗುತ್ತಾರೆ, ಅದೂ ಜನವರಿಯ ಸುಮಾರಿಗೇ ಬರುತ್ತದೆ.

ಹೊರಡುವಾಗ ಉಳಿದ ಸಜ್ಜಿ ರೊಟ್ಟಿಯನ್ನು ಎರಡು ಮನೆಗೂ ಹಂಚಿಕೊಳ್ಳಿ. ಪ್ಲಾಸ್ಟಿಕ್ ಹಾಳೆ, ಗ್ಲಾಸುಗಳನ್ನು ಗಂಟಿನಲ್ಲೇ ಕಟ್ಟಿ ತನ್ನಿ, ಇದೇ ನೀರು ಮುಂದೆ ಸುಂಕೇಸುಲದಲ್ಲಿ ನಿಂತು ಕರ್ನೂಲಿನವರ ಕೊಡ ತುಂಬುತ್ತದೆ. ಸಂಜೆ ಬಸ್ಸಿಗೆ ಕಾಯುವವರು ಕತ್ತಲಾಗುವ ಮುನ್ನ ಸೇತುವೆಯ ತುದಿಗೆ ಬಂದಿರಲಿ, ಹಬ್ಬದ ದಿನ ಮಂತ್ರಾಲಯದ ಕಡೆಯಿಂದ ತುಂಬಿಕೊಂಡೇ ಬರುವ ಬಸ್ಸುಗಳು ಇಲ್ಲಿ ನಿಲ್ಲುತ್ತವೆ ಎಂದು ನಂಬುವಂತಿಲ್ಲ.