ನಿಮಗಿದು ಗೊತ್ತೇ? ಸೆಲ್ಫ್ ಹಿಡಿಯದ ಗಾಡಿಯ ಒಳಗುಟ್ಟು

ಗಾಡಿ ಸ್ಟಾರ್ಟ್ ಆಗದೆ ನಿಂತಾಗ ಬಾನೆಟ್ ಎತ್ತುವ ಮೊದಲು ಸದ್ದು ಕೇಳಿ. ಕೀ ತಿರುಗಿಸಿದರೆ ‘ಟಕ ಟಕ ಟಕ’ ಎಂದು ಬಿಡದೆ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಒಂದೇ ಸಲ ‘ಟಕ್’ ಎಂದು ಸುಮ್ಮನಾದರೆ ಸೆಲ್ಫ್ ಮೋಟರ್ ಕಡೆ ನೋಡಿ. ಸದ್ದೇ ಇಲ್ಲವೆಂದರೆ ಕರೆಂಟು ಅಲ್ಲಿಯ ತನಕವೂ ಹೋಗುತ್ತಿಲ್ಲ: ಫ್ಯೂಸ್, ರಿಲೇ, ಕೀ ಸ್ವಿಚ್, ಕ್ಲಚ್ ಪೆಡಲ್ ಸ್ವಿಚ್. ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈದು ಫಲವಿಲ್ಲ. ಪೆಟ್ರೋಲ್ ಪಂಪ್, ಸ್ಪಾರ್ಕ್, ಸೆನ್ಸರ್ ಹುಡುಕಬೇಕು.

ಆ ‘ಟಕ ಟಕ’ ಯಾಕೆ ಬರುತ್ತದೆ? ಸೆಲ್ಫ್ ಮೋಟರ್ ಮೇಲೆ ಕೂತ ಸೊಲೆನಾಯ್ಡ್ ಒಂದು ದೊಡ್ಡ ಸ್ವಿಚ್ಚು. ಅದು ಕೂಡಿದೊಡನೆ ಮೋಟರ್ ಕರೆಂಟು ಎಳೆಯತೊಡಗುತ್ತದೆ, ಸಣ್ಣ ಪೆಟ್ರೋಲ್ ಕಾರಿನಲ್ಲೂ 100 ಆಂಪಿಯರ್‌ಗೆ ಕಡಿಮೆಯಿಲ್ಲ. ಸೋತ ಬ್ಯಾಟರಿಯ ವೋಲ್ಟೇಜ್ ಆ ಹೊರೆಗೆ ಕುಸಿಯುತ್ತದೆ. ಹಿಡಿದುಕೊಳ್ಳಲು ಶಕ್ತಿ ಸಾಲದೆ ಸೊಲೆನಾಯ್ಡ್ ಬಿಟ್ಟುಕೊಡುತ್ತದೆ. ಬಿಟ್ಟಾಗ ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಕೂಡುತ್ತದೆ. ಸೆಕೆಂಡಿಗೆ ಹಲವು ಸಲ ಇದೇ ಆಟ.

12 ವೋಲ್ಟ್ ಬ್ಯಾಟರಿಯಲ್ಲಿ ಸರಿಯಾಗಿ 12 ವೋಲ್ಟ್ ಕಂಡರೆ ಅದು ಹೆಚ್ಚುಕಡಿಮೆ ಖಾಲಿ! ಒಳಗಿರುವ ಆರು ಸೆಲ್‌ಗಳಲ್ಲಿ ಒಂದೊಂದೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಹಾಗಾಗಿ ತುಂಬಿದ ಬ್ಯಾಟರಿ ಗಾಡಿ ನಿಂತಿದ್ದಾಗ 12.6 ತೋರಿಸಬೇಕು. 12.2 ಎಂದರೆ ಅರ್ಧ ಮಾತ್ರ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರುತ್ತದೆ. ಓಡುವಾಗಲೂ 12ರ ಆಸುಪಾಸಿನಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಅದು ಬೇಗನೆ ಇಳಿದುಹೋಗುತ್ತದೆ.

ಮೀಟರ್ ಇಲ್ಲವೇ? ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ತೀರಾ ಮಂಕಾದರೆ ಬ್ಯಾಟರಿಯೋ ಟರ್ಮಿನಲ್ಲೋ ಕೆಟ್ಟಿದೆ. ಬೆಳಕು ಅಲ್ಲಾಡದೆ ನಿಂತು ಸೆಲ್ಫ್ ಮಾತ್ರ ಸುಮ್ಮನಿದ್ದರೆ ಕರೆಂಟು ಸೆಲ್ಫ್‌ಗೆ ತಲುಪುತ್ತಿಲ್ಲ.

ಈಗ ಬಹಳ ಜನ ಎಡವುವ ಜಾಗಕ್ಕೆ ಬರೋಣ. ದಪ್ಪ ಕೇಬಲ್‌ನ ಎಳೆಗಳೆಲ್ಲ ಒಳಗೇ ತಿಂದುಹೋಗಿ ಒಂದೇ ಒಂದು ಎಳೆ ಉಳಿದಿದ್ದರೂ ಮಲ್ಟಿಮೀಟರ್ ಸೆಲ್ಫ್ ಕಡೆಯ ತುದಿಯಲ್ಲಿ 12.6 ವೋಲ್ಟ್ ತೋರಿಸುತ್ತದೆ. ಕಸ ಕಟ್ಟಿದ ಪೈಪು ನಲ್ಲಿ ಮುಚ್ಚಿರುವಾಗ ಪೂರ್ತಿ ಒತ್ತಡ ತೋರಿಸಿ, ತಿರುಗಿಸಿದರೆ ತೊಟ್ಟಿಕ್ಕುವುದಿಲ್ಲವೇ, ಹಾಗೆ. ಲೆಕ್ಕ ಹಾಕಿ ನೋಡಿ: ಕಿಲುಬಿನಿಂದಾಗಿ ಬರೀ 0.01 ಓಮ್ ಅಡ್ಡಿ ಬಂದರೂ 150 ಆಂಪಿಯರ್ ಹರಿಯುವಾಗ 1.5 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಆದ್ದರಿಂದ ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗಲೇ ಇನ್ನೊಬ್ಬರು ಅಳೆಯಬೇಕು. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರ್‌ನ ದಪ್ಪ ಬೋಲ್ಟಿಗೆ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿಯಲ್ಲೇ ದೋಷವಿದೆ. ಕಡ್ಡಿಯನ್ನು ಕೇಬಲ್‌ನ ಲಗ್ಗಿಗಲ್ಲ, ಸೀಸದ ಕಂಬಕ್ಕೇ ಒತ್ತಬೇಕು. ಕಿಲುಬು ಕೂತಿರುವುದು ಹೆಚ್ಚಾಗಿ ಅವೆರಡರ ನಡುವೆಯೇ. ಐದು ನಿಮಿಷದ ಈ ಪರೀಕ್ಷೆ ಮಾಡದೆ ಚೆನ್ನಾಗಿರುವ ಬ್ಯಾಟರಿಯನ್ನು ಗುಜರಿಗೆ ಹಾಕಿಸುವುದು ಕಂಡರೆ ಹೊಟ್ಟೆ ಉರಿಯುತ್ತದೆ.

ಮೈನಸ್ ಕಡೆಗೂ ಇದೇ ಪರೀಕ್ಷೆ ಬೇಕು. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ; ಬಾಡಿಗೂ ಅದಕ್ಕೂ ಅರ್ಥ್ ಸೇರಿಸುವುದು ಒಂದು ಹೆಣೆದ ತಾಮ್ರದ ಪಟ್ಟಿ. ಅದು ತುಂಡಾದರೆ ಸೆಲ್ಫ್‌ನ ಕರೆಂಟು ಸಿಕ್ಕ ದಾರಿಯಲ್ಲಿ ವಾಪಸಾಗಲು ನೋಡುತ್ತದೆ. ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅದನ್ನು ಸುಟ್ಟುಹಾಕಿದ್ದೂ ಉಂಟು!

ಟರ್ಮಿನಲ್ ಮೇಲೆ ಬೂಷ್ಟಿನಂತೆ ಬೆಳೆಯುವ ಬಿಳಿ-ಹಸಿರು ಪುಡಿ ಆಸಿಡ್ಡಿನ ಕೆಲಸ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಬ್ರಷ್‌ನಿಂದ ತಿಕ್ಕಿದರೆ ನೊರೆಯೆದ್ದು ಹೋಗುತ್ತದೆ. ಬ್ಯಾಟರಿಯ ಮುಚ್ಚಳದೊಳಗೆ ಸೋಡಾ ನೀರು ಇಳಿಯದಂತೆ ನೋಡಿಕೊಳ್ಳಿ. ಒಣಗಿಸಿ, ಬಿಗಿದು, ಮೇಲೊಂದಿಷ್ಟು ವ್ಯಾಸಲೀನ್ ಸವರಿ.

ಕಳಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಯಾಕೆ ಗೊತ್ತೇ? ಬಾಡಿಯಿಡೀ ಮೈನಸ್. ಮೈನಸ್ ಇನ್ನೂ ಕೂತಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ಕಿಡಿ ಹಾರುತ್ತದೆ, ಕೈ ಸುಡುತ್ತದೆ. ಜಂಪರ್ ಕೇಬಲ್ ಹಾಕುವಾಗಲೂ ಕೊನೆಯ ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಮೈನಸ್‌ಗೆ ಕಚ್ಚಿಸಬಾರದು. ಅದರಿಂದ ದೂರದಲ್ಲಿ, ಇಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರುತ್ತದೆ, ಅದರ ಪಕ್ಕದಲ್ಲಿ ಕಿಡಿ ಹಾರಕೂಡದು.

ಡಿಕ್ಕಿಯೊಳಗಿನ 5 ವ್ಯಾಟ್ ಬಲ್ಬು ಮುಚ್ಚಿದ ಮೇಲೂ ಉರಿಯುತ್ತಿದ್ದರೆ ದಿನಕ್ಕೆ 10 ಆಂಪಿಯರ್-ಅವರ್ ತಿನ್ನುತ್ತದೆ. 35 ಆಂಪಿಯರ್-ಅವರ್‌ನ ಸಣ್ಣ ಕಾರಿನ ಬ್ಯಾಟರಿ ನಾಲ್ಕನೇ ದಿನ ಮಲಗುತ್ತದೆ. ಊರಿಗೆ ಹೋಗಿ ಬರುವಷ್ಟರಲ್ಲಿ ಗಾಡಿ ಸತ್ತಿದ್ದರೆ ಮೊದಲು ಈ ಬಲ್ಬನ್ನು ಅನುಮಾನಿಸಿ. ಮೊಬೈಲ್ ಕ್ಯಾಮೆರಾ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿದರೆ ಗೊತ್ತಾಗುತ್ತದೆ.

ಬ್ಯಾಟರಿಯನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಸೆಕೆ. ರಾಯಚೂರು, ಕಲಬುರಗಿಯ ಬೇಸಿಗೆ ಒಳಗಿನ ಸೀಸದ ಜಾಲರಿಯನ್ನು ತಿನ್ನುತ್ತದೆ. ಆ ಪೆಟ್ಟು ಬಯಲಾಗುವುದು ಡಿಸೆಂಬರ್‌ನ ತಣ್ಣನೆ ಬೆಳಗ್ಗೆ.

1912ಕ್ಕೆ ಮುಂಚೆ ಕಾರು ಸ್ಟಾರ್ಟ್ ಮಾಡಲು ಹೆಚ್ಚಿನವರಿಗೆ ಮುಂದೆ ನಿಂತು ಹ್ಯಾಂಡಲ್ ಹೊಡೆಯುವುದೇ ಗತಿ. ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸೆಲ್ಫ್ ಆ ವರ್ಷ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ನಮ್ಮ ಹಳೆಯ ಅಂಬಾಸಿಡರ್‌ಗಳಿಗೆ ಮಾತ್ರ ಹ್ಯಾಂಡಲ್ ಬಹಳ ಕಾಲ ಜೊತೆಗಿತ್ತು.

ಫ್ಯೂಸಿನ ಬಣ್ಣವೇ ಅದರ ಅಳತೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿದರೆ ಮುಂದಿನ ಸಲ ಸುಡುವುದು ವೈರಿಂಗ್. ಪೆಟ್ಟಿಗೆಯಲ್ಲಿ ಅದೇ ನಂಬರಿನ ಹಾರನ್ ರಿಲೇ ಇದ್ದರೆ ಸೆಲ್ಫ್ ರಿಲೇ ಜಾಗಕ್ಕೆ ಹಾಕಿ ನೋಡಬಹುದು.

ಬೈಕ್ ಸುಮ್ಮನಿದೆಯೇ? ಹ್ಯಾಂಡಲ್ ಮೇಲಿನ ಕೆಂಪು ಕಿಲ್ ಸ್ವಿಚ್ ನೋಡಿ, ಸೈಡ್ ಸ್ಟ್ಯಾಂಡ್ ನೋಡಿ. ಪಾರ್ಕಿಂಗ್‌ನಲ್ಲಿ ಯಾರೋ ಮಗು ಒತ್ತಿ ಹೋಗಿರುತ್ತದೆ.

ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಿನ ಕೀಯೊಳಗಿನ ಬಟನ್ ಸೆಲ್ ಸತ್ತರೂ ಕಂಗೆಡಬೇಡಿ. ಬಹುಪಾಲು ಮಾದರಿಗಳಲ್ಲಿ ಕೀಯನ್ನು ಸ್ಟಾರ್ಟ್ ಬಟನ್ನಿಗೋ ಗೊತ್ತುಪಡಿಸಿದ ಜಾಗಕ್ಕೋ ತಾಗಿಸಿ ಹಿಡಿದರೆ ಇಂಜಿನ್ ಹತ್ತುತ್ತದೆ. ಕೀಯಲ್ಲಿರುವ ಇಮ್ಮೊಬಿಲೈಸರ್ ಚಿಪ್‌ಗೆ ಸ್ವಂತ ಬ್ಯಾಟರಿ ಬೇಡ, ಕಾರಿನ ಆಂಟೆನಾದಿಂದಲೇ ಅದು ಶಕ್ತಿ ಪಡೆಯುತ್ತದೆ.

ಗೇರ್ ಬದಲಿಸುವ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬಹುದು, ಆಟೋಮ್ಯಾಟಿಕ್ ಕಾರಿನಲ್ಲಿ ಅದು ನಡೆಯದು.

ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಘಾಟಿ ಹತ್ತಿ ಬಿಸಿಯಾದ ಮೇಲೆ ನಿಂತುಬಿಡುತ್ತದೆ, ಅರ್ಧ ಗಂಟೆ ತಣಿದರೆ ಮತ್ತೆ ಹೊರಡುತ್ತದೆ. ಸೆಲ್ಫ್ ಸರಿಯಾಗಿ ತಿರುಗಿಯೂ ಹೀಗಾದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಕಣ್ಣಿಡಿ. ಬಿಸಿಗೆ ಅದರೊಳಗಿನ ಸುರುಳಿ ಬಿಟ್ಟುಕೊಂಡು, ತಣ್ಣಗಾದಾಗ ಕೂಡುತ್ತದೆ. ಗ್ಯಾರೇಜು ತಲುಪುವಾಗ ಎಲ್ಲ ಸರಿಯಾಗಿರುವುದರಿಂದ ಮೆಕ್ಯಾನಿಕ್‌ಗೂ ಸಿಕ್ಕುವುದಿಲ್ಲ. ಎಷ್ಟು ಹೊತ್ತು ಓಡಿದ ಮೇಲೆ ನಿಂತಿತು, ಎಷ್ಟು ಹೊತ್ತು ಬಿಟ್ಟು ಹತ್ತಿತು ಎಂಬುದನ್ನು ಬರೆದಿಟ್ಟುಕೊಂಡು ಹೋಗಿ ಹೇಳಿ.